ಮನೆಯ ಶಾಖ ಕಟ್ಟಿದ ಒಡ್ಡು

1716ರ ಜನವರಿಯ ಒಂದು ಭಾನುವಾರ ಬಾಸ್ಟನ್ ಪಟ್ಟಣದ ಮೇಲೆ ಬಿರುಗಾಳಿಯೊಡನೆ ಹಿಮ ಸುರಿಯಿತು. ಅಲ್ಲಿಯ ನ್ಯಾಯಾಧೀಶ ಸ್ಯಾಮ್ಯುಯೆಲ್ ಸೀವಾಲ್ ಆ ಸಂಜೆ ದಿನಚರಿ ಬರೆಯಲು ಕುಳಿತರು. ಪತ್ನಿಯ ಕೋಣೆಯ ಬೆಂಕಿಗೂಡಿನಲ್ಲಿ ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು. ಆದರೂ ಶಾಯಿ ಹೆಪ್ಪುಗಟ್ಟಿ ಬರೆಯುವುದೇ ಕಷ್ಟವಾಗುತ್ತಿದೆ ಎಂದು ಅವರು ಅದೇ ಪುಟದಲ್ಲಿ ದಾಖಲಿಸಿದ್ದಾರೆ. ಸೀವಾಲ್ ಬಡವರಲ್ಲ, ವಸಾಹತಿನ ಸಿರಿವಂತರಲ್ಲಿ ಒಬ್ಬರು. ಅಂಥವರ ಮನೆಯೇ ಹಾಗಿದ್ದ ಮೇಲೆ ಉಳಿದವರ ಮನೆಯ ಚಳಿ ಎಂಥದಿದ್ದೀತು ಎಂಬುದನ್ನು ನಾವು ಊಹಿಸಿಕೊಳ್ಳಬಹುದು.

ಸುಮಾರು 300 ವರ್ಷಗಳ ಅನಂತರ, 2015ರ ಫೆಬ್ರವರಿಯಲ್ಲಿ, ಅದೇ ಬಾಸ್ಟನ್ನಿನಲ್ಲಿ ಒಂದೇ ತಿಂಗಳಿಗೆ 64.8 ಅಂಗುಲ ಹಿಮ ಬಿತ್ತು. ಆ ಚಳಿಗಾಲದ ಒಟ್ಟು ಮೊತ್ತ 110.6 ಅಂಗುಲ, ಎಂದರೆ 9 ಅಡಿಗೂ ಮಿಗಿಲು. ಆ ನಗರದ ದಾಖಲೆಗಳಲ್ಲಿ ಅಷ್ಟು ಹಿಮ ಹಿಂದೆಂದೂ ಬಿದ್ದಿರಲಿಲ್ಲ. ಈ ಬಾರಿ ಯಾರ ಮನೆಯಲ್ಲೂ ಶಾಯಿ ಹೆಪ್ಪುಗಟ್ಟಲಿಲ್ಲ. ತೆಳುವಾದ ಅಂಗಿಯಲ್ಲಿ ಓಡಾಡುವಷ್ಟು ಮನೆಗಳು ಬೆಚ್ಚಗಿದ್ದವು. ತೊಂದರೆ ಮೇಲಿನಿಂದ ಬಂತು. ಹೊರಗೆ ನೀರೆಲ್ಲ ಕಲ್ಲಾಗುವ ಚಳಿ. ಒಳಗೆ ಚಾವಣಿಯಿಂದ, ಗೋಡೆಯ ಸಂದಿನಿಂದ, ಕಿಟಕಿಯ ಚೌಕಟ್ಟಿನಿಂದ ತೊಟ್ಟಿಕ್ಕುವ ನೀರು. ಹಿಮ ಎಲ್ಲ ಕಡೆಯೂ ಒಂದೇ ಸಮನೆ ಬಿದ್ದಿತ್ತು, ಆದರೆ ಸೋರಿದ್ದು ಎಲ್ಲ ಮನೆಗಳಲ್ಲ.

ಈ ಸೋರಿಕೆಯ ಕಾರಣವನ್ನು ಅಮೆರಿಕದವರು ‘ಐಸ್ ಡ್ಯಾಮ್’ ಎಂದು ಕರೆಯುತ್ತಾರೆ. ನಾವು ಮಂಜುಗಡ್ಡೆಯ ಒಡ್ಡು ಎನ್ನಬಹುದು. ಸೀವಾಲರ ಮನೆಗೂ 2015ರ ಮನೆಗೂ ನಡುವೆ ಈ ಒಡ್ಡು ಹೇಗೆ ಹುಟ್ಟಿತು, ಅದನ್ನು ಕೆಡವಲು ಜನ ಏನೇನು ಮಾಡಿದರು, ಅವುಗಳಲ್ಲಿ ಹೆಚ್ಚಿನವು ಏಕೆ ಫಲಿಸಲಿಲ್ಲ ಎಂಬುದು ವಾಸ್ತುವಿನ ಇತಿಹಾಸದ ಒಂದು ಸಣ್ಣ ಅಧ್ಯಾಯ. ಮಕ್ಕಳು ಮೊಮ್ಮಕ್ಕಳು ಟೊರಾಂಟೊದಲ್ಲೋ ಮಿನಿಯಾಪೊಲಿಸ್‌ನಲ್ಲೋ ನೆಲೆಸಿರುವ ನಮ್ಮ ಓದುಗರಲ್ಲಿ ಕೆಲವರು ಈ ಮಾತನ್ನು ದೂರವಾಣಿಯಲ್ಲಿ ಕೇಳಿಯೂ ಇರಬಹುದು. ಆದರೆ ವಿಷಯ ಅಮೆರಿಕಕ್ಕೆ ಮಾತ್ರ ಸೇರಿದ್ದಲ್ಲ. ನಮ್ಮದೇ ದೇಶದ ಉತ್ತರದ ಅಂಚಿನಲ್ಲಿ ಅದರ ಇನ್ನೊಂದು ಮುಖವಿದೆ.

ಮೊದಲು ಒಡ್ಡು ಕಟ್ಟುವ ಬಗೆಯನ್ನು ನೋಡೋಣ. ಇಳಿಜಾರು ಮಾಡಿನ ಮೇಲೆ ಒಂದು ಮೊಳ ಹಿಮ ಕುಳಿತಿದೆ. ಹೊಸದಾಗಿ ಬಿದ್ದ ಹಿಮದಲ್ಲಿ ಹೆಚ್ಚಿನ ಪಾಲು ಗಾಳಿಯೇ ಇರುವುದರಿಂದ ಅದು ಕಂಬಳಿಯ ಹಾಗೆ ಕೆಲಸ ಮಾಡುತ್ತದೆ. ಮನೆಯೊಳಗಿನ ಶಾಖ ಅಟ್ಟಕ್ಕೆ ನುಸುಳಿ, ಅಲ್ಲಿಂದ ಮಾಡಿನ ಹಲಗೆಗೆ ತಾಗುತ್ತದೆ. ಮೇಲೆ ಕಂಬಳಿ ಹೊದ್ದಿರುವ ಹಲಗೆ ಆ ಶಾಖವನ್ನು ಹೊರಗೆ ಬಿಡಲಾರದೆ ತಾನೇ ಬಿಸಿಯಾಗುತ್ತದೆ. ಅದರ ಉಷ್ಣತೆ ಸೊನ್ನೆ ಡಿಗ್ರಿಯನ್ನು ದಾಟಿದೊಡನೆ ಹಿಮ ತಳದಿಂದ ಕರಗತೊಡಗುತ್ತದೆ. ಮೇಲಿನಿಂದ ನೋಡುವವರಿಗೆ ಏನೂ ಕಾಣುವುದಿಲ್ಲ. ಕರಗಿದ ನೀರು ಹಿಮದಡಿಯಲ್ಲೇ ಸೂರಿನತ್ತ ಇಳಿಯುತ್ತದೆ.

ಸೂರು ಗೋಡೆಯಿಂದ ಆಚೆಗೆ ಚಾಚಿಕೊಂಡಿರುವ ಭಾಗ. ಅದರ ಕೆಳಗೆ ಮನೆಯಿಲ್ಲ, ಶಾಖವೂ ಇಲ್ಲ. ಅಲ್ಲಿಗೆ ಬಂದ ನೀರು ಮರಳಿ ಹೆಪ್ಪುಗಟ್ಟುತ್ತದೆ. ದಿನದಿಂದ ದಿನಕ್ಕೆ ಪದರದ ಮೇಲೆ ಪದರ ಸೇರಿ ಸೂರಿನುದ್ದಕ್ಕೂ ಮಂಜುಗಡ್ಡೆಯ ದಿಂಡು ಬೆಳೆಯುತ್ತದೆ. ಅಂಚಿನಿಂದ ಆಲದ ಬಿಳಲುಗಳಂತೆ ಗಾಜಿನ ಕೋಲುಗಳು ಇಳಿಬೀಳುತ್ತವೆ. ಚಿತ್ರಪಟಗಳಲ್ಲಿ ಸೊಗಸಾಗಿ ಕಾಣುವ ಆ ಕೋಲುಗಳು ವಾಸ್ತವದಲ್ಲಿ ರೋಗಲಕ್ಷಣ. ದಿಂಡಿನ ಹಿಂದೆ ನೀರು ನಿಲ್ಲುತ್ತದೆ. ಮಾಡಿನ ಮೇಲೆ ಒಂದು ಪುಟ್ಟ ಕೆರೆ ಏರ್ಪಡುತ್ತದೆ.

ಇಳಿಜಾರು ಮಾಡು ಹರಿಯುವ ನೀರಿಗಾಗಿ ಮಾಡಿದ್ದು, ನಿಂತ ನೀರಿಗಾಗಿ ಅಲ್ಲ. ಮಂಗಳೂರು ಹೆಂಚಿನ ಮನೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೆಂಚಿನ ಮೇಲೆ ಹೆಂಚು ಮೀನಿನ ಪೊರೆಯಂತೆ ಕುಳಿತು ಎಂಥ ಆಷಾಢದ ಮಳೆಯನ್ನಾದರೂ ಇಳಿಸಿಬಿಡುತ್ತದೆ. ಆದರೆ ಎರಡು ಇಳಿಜಾರುಗಳು ಕೂಡುವ ತಗ್ಗಿನಲ್ಲಿ ಒಂದು ಬುಟ್ಟಿ ತರಗೆಲೆ ಸೇರಿ ನೀರು ನಿಂತರೆ, ಅದು ಹೆಂಚಿನ ಸಂದಿನಲ್ಲಿ ಹಿಮ್ಮುಖವಾಗಿ ಏರಿ ಒಳಗಿಳಿಯುತ್ತದೆ. ಮಲೆನಾಡಿನ ತರಗೆಲೆ ಮಾಡುವ ಕೆಲಸವನ್ನೇ ಹಿಮದ ನಾಡಿನಲ್ಲಿ ಮಂಜುಗಡ್ಡೆ ಮಾಡುತ್ತದೆ. ವ್ಯತ್ಯಾಸವೆಂದರೆ, ತರಗೆಲೆ ಹೊರಗಿನ ಮರದಿಂದ ಬಿದ್ದದ್ದು. ಮಂಜುಗಡ್ಡೆಯನ್ನು ಆ ಮನೆಯೇ ತಯಾರಿಸಿದ್ದು.

ಹಿಮ ಕರಗಲು ಇಷ್ಟು ಕಾಲ ಹಿಡಿಯುವುದೇಕೆ ಎಂಬ ಪ್ರಶ್ನೆಗೆ 1760ರ ಆಸುಪಾಸಿನಲ್ಲಿ ಉತ್ತರ ಕಂಡವರು ಸ್ಕಾಟ್ಲೆಂಡಿನ ಜೋಸೆಫ್ ಬ್ಲ್ಯಾಕ್. ಮಂಜುಗಡ್ಡೆ ನೀರಾಗುವಾಗ ಉಷ್ಣಮಾಪಕ ಮೇಲೇರದಿದ್ದರೂ ಬಹಳಷ್ಟು ಶಾಖವನ್ನು ನುಂಗುತ್ತದೆ; ಅವರು ಅದನ್ನು ಗುಪ್ತೋಷ್ಣವೆಂದು ಕರೆದರು. ಸೊನ್ನೆ ಡಿಗ್ರಿಯ ಮಂಜುಗಡ್ಡೆಯನ್ನು ಅದೇ ಸೊನ್ನೆ ಡಿಗ್ರಿಯ ನೀರಾಗಿಸಲು ಬೇಕಾಗುವ ಶಾಖದಿಂದ, ಅಷ್ಟೇ ತೂಕದ ನೀರನ್ನು ಸೊನ್ನೆಯಿಂದ 80 ಡಿಗ್ರಿಗೆ ಕಾಯಿಸಬಹುದು. ಹಾಗಿಲ್ಲದಿದ್ದರೆ ವಸಂತದ ಮೊದಲ ಬಿಸಿಲಿಗೇ ಬೆಟ್ಟದ ಹಿಮವೆಲ್ಲ ಒಮ್ಮೆಲೇ ಕರಗಿ ಊರುಗಳು ಕೊಚ್ಚಿಹೋಗುತ್ತಿದ್ದವು ಎಂದು ಬ್ಲ್ಯಾಕ್ ತಮ್ಮ ಪಾಠಗಳಲ್ಲಿ ಹೇಳುತ್ತಿದ್ದರು. ಮಾಡಿನ ಮೇಲೆ ಹಿಮ ದೊಡ್ಡ ಪ್ರಮಾಣದಲ್ಲಿ ಕರಗಿತೆಂದರೆ ಮನೆಯಿಂದ ಅಷ್ಟು ದೊಡ್ಡ ಪ್ರಮಾಣದ ಶಾಖ ಸೋರಿದೆ ಎಂದೇ ಅರ್ಥ. ಒಡ್ಡು ಆ ಸೋರಿಕೆಯ ಲೆಕ್ಕಪತ್ರ.

ಇದನ್ನು ತಿಳಿದ ಮೇಲೆ ಸೀವಾಲರ ಕಾಲದ ಮನೆಗಳು ಬೇರೆ ಬೆಳಕಿನಲ್ಲಿ ಕಾಣುತ್ತವೆ. ಇಂಗ್ಲೆಂಡಿನಿಂದ ಬಂದ ಮೊದಲ ವಲಸೆಗಾರರು ತಮ್ಮ ಊರಿನ ರೂಢಿಯಂತೆ ಹುಲ್ಲಿನ ಮಾಡು ಹೊದಿಸಿದರು. ಬೆಂಕಿಯ ಭಯ ಅದನ್ನು ಬಹುಕಾಲ ಉಳಿಯಗೊಡಲಿಲ್ಲ. 1631ರಲ್ಲಿ ಬಾಸ್ಟನ್ನಿನಲ್ಲಿ ಮನೆಯೊಂದು ಉರಿದ ಮೇಲೆ ಹುಲ್ಲಿನ ಮಾಡು, ಮರದ ಹೊಗೆಗೂಡು ಎರಡನ್ನೂ ನಿಷೇಧಿಸಲಾಯಿತು. ಕಾಡು ಹೇರಳವಾಗಿದ್ದ ನಾಡಿನಲ್ಲಿ ಮರದ ಚಕ್ಕೆಗಳನ್ನು ಸೀಳಿ ಹೆಂಚಿನಂತೆ ಹೊದಿಸುವ ಪದ್ಧತಿ ನೆಲೆಯೂರಿತು. ಅದೇ ರಾಜ್ಯದ ಡೆಡಮ್ ಎಂಬ ಊರಿನಲ್ಲಿ 1637 ಮತ್ತು 1641ರ ನಡುವೆ ಕಟ್ಟಿದ ಫೇರ್‌ಬ್ಯಾಂಕ್ಸ್ ಮನೆ ಇಂದಿಗೂ ನಿಂತಿದೆ. ಉತ್ತರ ಅಮೆರಿಕದಲ್ಲಿ ಉಳಿದಿರುವ ಮರದ ಚೌಕಟ್ಟಿನ ಮನೆಗಳಲ್ಲಿ ಅದೇ ಅತ್ಯಂತ ಹಳೆಯದೆಂದು ಹೆಸರಾಗಿದೆ. ಕಡಿದಾದ ಮಾಡು, ಮನೆಯ ನಡುವೆ ಒಂದು ದೊಡ್ಡ ಇಟ್ಟಿಗೆಯ ಹೊಗೆಗೂಡು: ಆ ಕಾಲದ ಮನೆಯ ರೂಪ ಅದು.

ಅಂಥ ಮನೆಯಲ್ಲಿ ಬೆಂಕಿ ಎಷ್ಟು ದೊಡ್ಡದಿದ್ದರೂ ಶಾಖದ ಹೆಚ್ಚಿನ ಪಾಲು ಹೊಗೆಯೊಡನೆ ಮೇಲೇರಿ ಆಕಾಶ ಸೇರುತ್ತಿತ್ತು. ಬೆಂಜಮಿನ್ ಫ್ರಾಂಕ್ಲಿನ್ 1744ರಲ್ಲಿ ತಮ್ಮ ಹೊಸ ಬೆಂಕಿಗೂಡಿನ ವಿಷಯವಾಗಿ ಅಚ್ಚುಹಾಕಿಸಿದ ಕಿರುಹೊತ್ತಿಗೆಯ ಮುಖ್ಯ ದೂರು ಇದೇ ಆಗಿತ್ತು. ಬೆಂಕಿಯ ಮುಂದೆ ಕುಳಿತವರಿಗೆ ಮುಖ ಸುಡುತ್ತಿತ್ತು, ಬೆನ್ನು ಕೊರೆಯುತ್ತಿತ್ತು. ಪಕ್ಕದ ಕೋಣೆಯಲ್ಲಿ ಬೋಗುಣಿಯ ನೀರು ಗಡ್ಡೆಯಾಗುತ್ತಿತ್ತು. ಅಟ್ಟವಂತೂ ಹೊರಗಿನಷ್ಟೇ ತಣ್ಣಗೆ. ಮಾಡಿಗೆ ಶಾಖ ತಲುಪುತ್ತಿದ್ದುದು ಹೊಗೆಗೂಡಿನ ಸುತ್ತಮುತ್ತ ಮಾತ್ರ. ಉಳಿದೆಡೆ ಹಿಮ ಬಿದ್ದಹಾಗೆಯೇ ಇದ್ದು ಬಿಸಿಲು ಬಂದಾಗ ಮೇಲಿನಿಂದ ಕರಗಿ ಹೋಗುತ್ತಿತ್ತು. ಮನೆಯವರು ನಡುಗುತ್ತಿದ್ದರು, ಮಾಡು ಕ್ಷೇಮವಾಗಿತ್ತು.

ನಡುಗುವುದು ಯಾರಿಗೂ ಇಷ್ಟವಲ್ಲ. 19ನೆಯ ಶತಮಾನದಲ್ಲಿ ಎರಕದ ಕಬ್ಬಿಣದ ಒಲೆಗಳು ಬಂದವು. ಅದರ ಕೊನೆಯ ಭಾಗದಲ್ಲಿ ನೆಲಮಾಳಿಗೆಯಲ್ಲಿ ಕಲ್ಲಿದ್ದಲು ಉರಿಸಿ ಕೊಳವೆಗಳಿಂದ ಮನೆಯಿಡೀ ಬಿಸಿಗಾಳಿ ಹಾಯಿಸುವ ಕುಲುಮೆಗಳು ಬಂದವು. ಒಂದು ಕೋಣೆಯಲ್ಲಿದ್ದ ಬೆಚ್ಚಗು ಎಲ್ಲ ಕೋಣೆಗಳಿಗೆ ಹರಡಿತು. ಇದೇ ಕಾಲಕ್ಕೆ ಮನೆ ಕಟ್ಟುವ ರೀತಿಯೂ ಬದಲಾಯಿತು. 1830ರ ದಶಕದಲ್ಲಿ ಷಿಕಾಗೋದಲ್ಲಿ ಬಳಕೆಗೆ ಬಂದ ‘ಬಲೂನ್ ಫ್ರೇಮ್’ ಪದ್ಧತಿಯಲ್ಲಿ ದಪ್ಪ ಕಂಬ ತೊಲೆಗಳ ಬದಲು ತೆಳುವಾದ ಮರದ ಪಟ್ಟಿಗಳನ್ನು ತಳಪಾಯದಿಂದ ಮಾಡಿನವರೆಗೆ ಒಂದೇ ಉದ್ದಕ್ಕೆ ನಿಲ್ಲಿಸಿ ಮೊಳೆ ಹೊಡೆಯುತ್ತಿದ್ದರು. ಕೆಲಸ ಬೇಗ, ಖರ್ಚು ಕಡಿಮೆ. ಆದರೆ ಪಟ್ಟಿಗಳ ನಡುವಿನ ಪೊಳ್ಳು ಕೆಳಗಿನಿಂದ ಅಟ್ಟದವರೆಗೆ ತೆರೆದೇ ಇರುತ್ತಿತ್ತು. ಬಿಸಿಗಾಳಿ ಮೇಲೇರಲು ಗೋಡೆಗೋಡೆಯೂ ಒಂದೊಂದು ಹೊಗೆಗೂಡಾಯಿತು.

ಮಾಡಿನ ಹೊದಿಕೆಯೂ ಬದಲಾಯಿತು. 1903ರಲ್ಲಿ ಮಿಷಿಗನ್ ರಾಜ್ಯದ ಗ್ರ್ಯಾಂಡ್ ರ‍್ಯಾಪಿಡ್ಸ್ ಎಂಬಲ್ಲಿ ಹೆನ್ರಿ ರೆನಾಲ್ಡ್ಸ್ ಎಂಬವರು ಡಾಂಬರು ಹೊದಿಕೆಯ ಸುರುಳಿಯನ್ನು ತುಂಡರಿಸಿ ಹೆಂಚಿನ ರೂಪದ ಬಿಲ್ಲೆಗಳನ್ನು ಮಾಡಿದರು. ಅಗ್ಗವಾದ, ಹಗುರವಾದ ಆ ಬಿಲ್ಲೆಗಳು ಕಾಲಕ್ರಮೇಣ ಅಮೆರಿಕದ ಮನೆಗಳ ಸಾಮಾನ್ಯ ಹೊದಿಕೆಯಾದವು. ಹರಿಯುವ ನೀರನ್ನು ಅವು ಚೆನ್ನಾಗಿ ಇಳಿಸುತ್ತವೆ. ನಿಂತ ನೀರಿನ ಮುಂದೆ ಅವೂ ನಮ್ಮ ಹೆಂಚಿನಷ್ಟೇ ಅಸಹಾಯಕ.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಮರಳಿ ಬಂದ ಸೈನಿಕರಿಗೆ ಮನೆ ಬೇಕಾಯಿತು. 1947ರಲ್ಲಿ ನ್ಯೂಯಾರ್ಕ್ ಹತ್ತಿರದ ಲಾಂಗ್ ಐಲೆಂಡ್‌ನಲ್ಲಿ ಆರಂಭವಾದ ಲೆವಿಟೌನ್ ಬಡಾವಣೆಯಲ್ಲಿ ಕೆಲವೇ ವರ್ಷಗಳಲ್ಲಿ 17,000ಕ್ಕೂ ಹೆಚ್ಚು ಮನೆಗಳು ಎದ್ದವು. ಮೊದಲ ಮಾದರಿಯ ಮನೆಗಳಲ್ಲಿ ಅಟ್ಟವನ್ನು ಅಪೂರ್ಣವಾಗಿ ಬಿಟ್ಟು, ಸಂಸಾರ ಬೆಳೆದಂತೆ ಅದನ್ನು ಮಲಗುವ ಕೋಣೆಯಾಗಿಸಿಕೊಳ್ಳಿ ಎಂದು ಅವಕಾಶ ಕೊಟ್ಟಿದ್ದರು. ಸಂಸಾರಗಳು ಬೆಳೆದವು. ಅಲ್ಲಿಯೂ, ಅಂಥ ಬೇರೆ ಸಾವಿರಾರು ಊರುಗಳಲ್ಲಿಯೂ, ಅಟ್ಟ ಕೋಣೆಯಾಯಿತು. ಮನೆಗೂ ಮಾಡಿಗೂ ನಡುವೆ ಇದ್ದ ತಣ್ಣನೆಯ ಬಯಲು ಇಲ್ಲವಾಗಿ, ಕೆಲವೇ ಅಂಗುಲಗಳ ಅಂತರದಲ್ಲಿ ಒಂದೆಡೆ ಮಗುವಿನ ಹಾಸಿಗೆ, ಇನ್ನೊಂದೆಡೆ ಹಿಮ. ಇಂದು ರಿಪೇರಿಯವರು ಮಂಜುಗಡ್ಡೆಯ ಒಡ್ಡಿಗೆ ಅತಿ ಹೆಚ್ಚು ತುತ್ತಾಗುವ ಮನೆಗಳೆಂದು ಮೊದಲು ಹೆಸರಿಸುವುದು ಇಂಥ ಒಂದೂವರೆ ಅಂತಸ್ತಿನ ಮನೆಗಳನ್ನೇ.

ಜನ ಸುಮ್ಮನೆ ಕುಳಿತಿರಲಿಲ್ಲ. ಆದರೆ ಅವರ ಪ್ರಯತ್ನಗಳೆಲ್ಲ ಬಹುಕಾಲ ಕಣ್ಣಿಗೆ ಕಾಣುವ ಜಾಗದಲ್ಲೇ, ಎಂದರೆ ಸೂರಿನ ಅಂಚಿನಲ್ಲೇ ನಡೆದವು. ಏಣಿ ಹತ್ತಿ ಕೊಡಲಿಯಿಂದ ಗಡ್ಡೆಯನ್ನು ಒಡೆದರು. ಗಡ್ಡೆಯೊಡನೆ ಮಾಡಿನ ಬಿಲ್ಲೆಗಳೂ ಒಡೆದವು, ಏಣಿ ಜಾರಿ ಕೈಕಾಲುಗಳೂ ಮುರಿದವು. ಉಪ್ಪು ಸುರಿದರು; ಅದು ಮೊಳೆಗಳನ್ನು ತಿಂದು, ಕೆಳಗಿನ ಗಿಡಗಳನ್ನು ಒಣಗಿಸಿತು. ಹಿಮ ಜಾರಿಹೋಗಲೆಂದು ಅಂಚಿನುದ್ದಕ್ಕೂ ನುಣುಪಾದ ತಗಡಿನ ಪಟ್ಟಿ ಬಡಿದರು. ಒಡ್ಡು ತಗಡನ್ನು ಬಿಟ್ಟು ಅದಕ್ಕಿಂತ ಸ್ವಲ್ಪ ಮೇಲೆ ಕಟ್ಟಿತು. ವಿದ್ಯುತ್ತಿನಿಂದ ಬಿಸಿಯಾಗುವ ತಂತಿಯನ್ನು ಅಂಕುಡೊಂಕಾಗಿ ಹಾಸಿದರು. ತಂತಿಯ ಸುತ್ತ ನೀರಿಗೆ ದಾರಿಯಾಯಿತು, ಜೊತೆಗೆ ವಿದ್ಯುತ್ ಬಿಲ್ಲೂ ಏರಿತು. ಮನೆಯಿಂದ ಸೋರಿದ ಶಾಖ ತಂದ ತೊಂದರೆಯನ್ನು ಇನ್ನಷ್ಟು ಶಾಖ ಕೊಂಡು ನಿವಾರಿಸಲು ಹೊರಟ ಹಾಗಾಯಿತು. ಇವೆಲ್ಲಕ್ಕಿಂತ ನಿರಪಾಯವಾದದ್ದು ಉದ್ದ ಹಿಡಿಯ ಹಲಗೆ. ನಮ್ಮ ಕಣಗಳಲ್ಲಿ ಭತ್ತ ಎಳೆಯುವ ಗೋರುಮಣೆಯಂಥ ಆ ಸಾಧನದಿಂದ, ನೆಲದ ಮೇಲೇ ನಿಂತು, ಸೂರಿನ ಕೆಳಭಾಗದ ಹಿಮವನ್ನು ಬಿದ್ದ ದಿನವೇ ಎಳೆದುಬಿಡುವುದು.

ಶಾಸ್ತ್ರ ಮತ್ತು ಸರ್ಕಾರ ಈ ಕೆಲಸಕ್ಕೆ ಕೈಹಚ್ಚಿದ್ದು 1930ರ ದಶಕದ ಅನಂತರ. ಗಾಜಿನ ನೂಲಿನ ಹತ್ತಿಯನ್ನು ತಯಾರಿಸುವ ಓವೆನ್ಸ್ ಕಾರ್ನಿಂಗ್ ಕಂಪನಿ 1938ರಲ್ಲಿ ಸ್ಥಾಪನೆಯಾಯಿತು. ಅಟ್ಟದ ನೆಲಕ್ಕೆ ಶಾಖ ತಡೆಯುವ ಹಾಸು ಹಾಕುವುದು ರೂಢಿಗೆ ಬಂತು. ಮನೆಸಾಲಗಳಿಗೆ ಭರವಸೆ ನೀಡುತ್ತಿದ್ದ ಕೇಂದ್ರ ವಸತಿ ಆಡಳಿತ 1942ರಲ್ಲಿ ಒಂದು ನಿಯಮ ಮಾಡಿತು: ಅಟ್ಟದ ವಿಸ್ತೀರ್ಣದ 300ನೆಯ ಒಂದು ಭಾಗದಷ್ಟಾದರೂ ಗಾಳಿಕಿಂಡಿಗಳಿರಬೇಕು. ಆಗಿನ ಮುಖ್ಯ ಚಿಂತೆ ಒಡ್ಡಲ್ಲ, ಅಟ್ಟದ ಮರಕ್ಕೆ ಹಿಡಿಯುವ ತೇವ. ಆದರೂ ಆ ಸಂಖ್ಯೆ ಒಂದು ಕೈಪಿಡಿಯಿಂದ ಇನ್ನೊಂದಕ್ಕೆ ದಾಟುತ್ತ ಇಂದಿನವರೆಗೂ ಉಳಿದುಬಂದಿದೆ. ಅದರ ಬುಡದಲ್ಲಿದ್ದ ಆಧಾರ ಎಷ್ಟು ತೆಳು ಎಂಬುದನ್ನು ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕ ವಿಲಿಯಂ ರೋಸ್ ಅನಂತರ ಹುಡುಕಿ ತೋರಿಸಿದರು. ಕಡತಗಳ ನಡುವೆ ಬದುಕುವ ನಮ್ಮಂಥವರಿಗೆ ಇದು ಅಚ್ಚರಿಯ ಸಂಗತಿಯೇನಲ್ಲ. ಸಂಖ್ಯೆಯೊಂದು ಸುತ್ತೋಲೆಗೆ ಸೇರಿದ ಮೇಲೆ ಅದರ ಹುಟ್ಟನ್ನು ಕೇಳುವವರು ವಿರಳ.

ನಿಜವಾದ ತಿರುವು ತಂದದ್ದು 1973ರ ತೈಲ ಬಿಕ್ಕಟ್ಟು. ಅಲ್ಲಿಯವರೆಗೆ ಅಗ್ಗವಾಗಿದ್ದ ಶಾಖ ಒಮ್ಮೆಲೇ ದುಬಾರಿಯಾಯಿತು. ಮಾಡಿನಿಂದ ಹೊರಹೋಗುವುದು ಹಣ ಎಂಬುದು ಎಲ್ಲರಿಗೂ ಕಂಡಿತು. 1977ರಲ್ಲಿ ಕೆನಡಾ ಸರ್ಕಾರ ಮನೆಗಳ ಶಾಖನಿರೋಧಕ್ಕಾಗಿ ಧನಸಹಾಯ ಯೋಜನೆ ಆರಂಭಿಸಿತು. ಅದೇ ವರ್ಷ ಆ ದೇಶದ ರಿಜೈನಾ ನಗರದಲ್ಲಿ ‘ಸಸ್ಕ್ಯಾಚೆವಾನ್ ಕನ್ಸರ್ವೇಷನ್ ಹೌಸ್’ ಎಂಬ ಪ್ರಯೋಗದ ಮನೆ ಸಿದ್ಧವಾಯಿತು. ಹೆರಾಲ್ಡ್ ಓರ್ ಮತ್ತು ಅವರ ಸಂಗಡಿಗರು ಗೋಡೆ ಮಾಡುಗಳಿಗೆ ದಪ್ಪವಾದ ಶಾಖನಿರೋಧಕ ತುಂಬಿದ್ದಷ್ಟೇ ಅಲ್ಲ, ಗಾಳಿ ನುಸುಳುವ ಬಿರುಕುಗಳನ್ನು ಒಂದೊಂದಾಗಿ ಮುಚ್ಚಿದರು. ಚಳಿಗಾಲದಲ್ಲಿ ಕೊರೆದುಹಾಕುವ ಆ ಬಯಲುಸೀಮೆಯಲ್ಲಿ ಅದು ಕುಲುಮೆಯಿಲ್ಲದೆ ಬೆಚ್ಚಗಿತ್ತು. ಶಾಖ ಪದಾರ್ಥದ ಮೂಲಕ ಹಾಯುವುದಕ್ಕಿಂತಲೂ ಗಾಳಿಯೊಡನೆ ಕದ್ದು ಹೋಗುವುದೇ ದೊಡ್ಡ ಸಂಕಟ ಎಂಬ ಅರಿವು ಆ ವರ್ಷಗಳಲ್ಲಿ ಗಟ್ಟಿಯಾಯಿತು. ದೀಪದ ತಂತಿ ಇಳಿಯುವ ರಂಧ್ರ, ಕೊಳವೆ ಹಾಯುವ ಸಂದು, ಅಟ್ಟಕ್ಕೆ ಹತ್ತುವ ಕಿಂಡಿಬಾಗಿಲು, ಹೊಗೆಗೂಡಿನ ಸುತ್ತಲಿನ ಬಿರುಕು ಇವೆಲ್ಲ ಸೇರಿದರೆ ಮನೆಯಲ್ಲಿ ಹಗಲಿರುಳೂ ತೆರೆದಿರುವ ಒಂದು ಕಿಟಕಿಯಾಗುತ್ತದೆ.

ಒಡ್ಡನ್ನೇ ನೇರವಾಗಿ ಅಳೆದವರು ಅಮೆರಿಕ ಸೈನ್ಯದ ಶೀತಪ್ರದೇಶ ಸಂಶೋಧನಾಲಯದವರು. ಈ ಸಂಸ್ಥೆ 1961ರಿಂದ ನ್ಯೂ ಹ್ಯಾಂಪ್‌ಷೈರ್ ರಾಜ್ಯದ ಹ್ಯಾನೊವರ್‌ನಲ್ಲಿದೆ. ನ್ಯೂಯಾರ್ಕ್ ರಾಜ್ಯದ ಉತ್ತರದಲ್ಲಿರುವ ಫೋರ್ಟ್ ಡ್ರಮ್ ಎಂಬ ಸೈನಿಕ ನೆಲೆಯ ಕಟ್ಟಡಗಳಲ್ಲಿ ವೇನ್ ಟೋಬಿಯಾಸನ್ ಮತ್ತು ಸಹೋದ್ಯೋಗಿಗಳು ಅಟ್ಟದ ಉಷ್ಣತೆಯನ್ನೂ ಹೊರಗಿನ ಉಷ್ಣತೆಯನ್ನೂ ದಾಖಲಿಸುತ್ತ ಬಂದರು. 1990ರ ದಶಕದಲ್ಲಿ ಅವರು ಕಂಡುಕೊಂಡ ಸೂತ್ರ ಸರಳವಾಗಿದೆ. ಹೊರಗೆ 22 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಎಂದರೆ ಸುಮಾರು ಮೈನಸ್ ಐದೂವರೆ ಸೆಲ್ಸಿಯಸ್‌ಗಿಂತ, ಕಡಿಮೆ ಇದ್ದು, ಅಟ್ಟದಲ್ಲಿ 30 ಡಿಗ್ರಿ ಫ್ಯಾರನ್‌ಹೀಟ್‌ಗಿಂತ, ಎಂದರೆ ಸುಮಾರು ಮೈನಸ್ ಒಂದಕ್ಕಿಂತ, ಹೆಚ್ಚಿದ್ದರೆ ಒಡ್ಡು ಕಟ್ಟುತ್ತದೆ. ಹೊರಗಿನ ಗಾಳಿ ಸೂರಿನಡಿಯಿಂದ ಒಳಬಂದು ಮೇಲಿನ ಏಣಿನಿಂದ ಹೊರಹೋಗುವಂತೆ ಮಾಡಿ ಅಟ್ಟವನ್ನು ಆ ಮಿತಿಗಿಂತ ತಣ್ಣಗಿಟ್ಟರೆ ಕಟ್ಟುವುದಿಲ್ಲ. ಮಾಡನ್ನು ಉಳಿಸಬೇಕಾದರೆ ಅದನ್ನು ತಣ್ಣಗಿಡಬೇಕು.

ಇದರ ನಡುವೆಯೇ ಅಂಚಿನ ಚಿಕಿತ್ಸೆಯೂ ಮುಂದುವರಿಯಿತು. ರಬ್ಬರು ಬೆರೆಸಿದ ಡಾಂಬರಿನ, ಮೊಳೆ ಹೊಡೆದರೂ ಸುತ್ತ ಅಂಟಿಕೊಂಡು ನೀರು ಬಿಡದ ಹಾಳೆ 1970ರ ದಶಕದಲ್ಲಿ ಮಾರುಕಟ್ಟೆಗೆ ಬಂತು. ಹಿಮ ಬೀಳುವ ಪ್ರದೇಶಗಳಲ್ಲಿ ಅಂಥ ಹಾಳೆಯನ್ನು ಸೂರಿನ ಅಂಚಿನಿಂದ ಹೊರಗೋಡೆಯ ಗೆರೆಯನ್ನು ದಾಟಿ 24 ಅಂಗುಲ ಒಳಗಿನವರೆಗೆ ಹಾಸಬೇಕೆಂದು ಈಗಿನ ಕಟ್ಟಡ ನಿಯಮಗಳು ಹೇಳುತ್ತವೆ. ಒಳ್ಳೆಯ ಕ್ರಮವೇ. ಆದರೆ ಅದು ಒಡ್ಡನ್ನು ತಡೆಯುವುದಿಲ್ಲ. ಒಡ್ಡು ಕಟ್ಟಿದ ಮೇಲೆ ನೀರು ಒಳಬರದಂತೆ ತಡೆಯುತ್ತದೆ, ಅದೂ ಆ 24 ಅಂಗುಲದ ಮಟ್ಟಿಗೆ.

ಅಮೆರಿಕ 300 ವರ್ಷಗಳಲ್ಲಿ ಸುತ್ತಿ ಬಂದು ತಲುಪಿದ ಈ ಅರಿವು ಹಿಮದ ನಾಡುಗಳ ಹಳೆಯ ಮನೆಗಳಲ್ಲಿ ಬೇರೆ ಬೇರೆ ರೂಪಗಳಲ್ಲಿ ಮೊದಲೇ ಇತ್ತು. ಆಲ್ಪ್ಸ್ ಪರ್ವತದ ರೈತರು ಮಾಡನ್ನು ಹೆಚ್ಚು ಇಳಿಜಾರಾಗಿ ಕಟ್ಟುತ್ತಿರಲಿಲ್ಲ. ಹಿಮ ಜಾರಿಹೋಗುವುದು ಅವರಿಗೆ ಬೇಕಿರಲಿಲ್ಲ. ಅದೊಂದು ಪುಕ್ಕಟೆಯ ಕಂಬಳಿ. ವಾಸದ ಕೋಣೆಗಳ ಮೇಲಿನ ಅಟ್ಟದಲ್ಲಿ ದನಗಳಿಗಾಗಿ ಒಣಹುಲ್ಲು ತುಂಬುತ್ತಿದ್ದರು. ಹುಲ್ಲು ಶಾಖವನ್ನು ಕೆಳಗೇ ತಡೆಯುತ್ತಿತ್ತು; ಹಲಗೆಯ ಸಂದುಗಳಲ್ಲಿ ಗಾಳಿಯಾಡಿ ಮಾಡು ತಣ್ಣಗೆ ಉಳಿಯುತ್ತಿತ್ತು. ಇಂದಿನ ಜರ್ಮನ್ ಭಾಷೆಯ ಎಂಜಿನಿಯರುಗಳು ‘ಕಾಲ್ಟ್‌ಡಾಖ್’ ಎಂದರೆ ತಣ್ಣನೆಯ ಮಾಡು ಎಂದು ಹೆಸರಿಟ್ಟು ಕಟ್ಟುವ, ನಡುವೆ ಗಾಳಿ ಹರಿಯುವ ಎರಡು ಪದರದ ಮಾಡು ಅದರ ಶಾಸ್ತ್ರೀಯ ರೂಪ. ನಾರ್ವೆಯಲ್ಲಿ ಬರ್ಚ್ ಮರದ ತೊಗಟೆಯನ್ನು ಪದರ ಪದರವಾಗಿ ಹಾಸಿ, ಅದರ ಮೇಲೆ ಹುಲ್ಲು ಬೆಳೆದ ಮಣ್ಣಿನ ಹೆಂಟೆಗಳನ್ನು ಹೇರುತ್ತಿದ್ದರು. ತೊಗಟೆ ನೀರನ್ನು ತಡೆಯುತ್ತಿತ್ತು, ಮಣ್ಣು ತೊಗಟೆಯನ್ನು ಒತ್ತಿ ಹಿಡಿದು ಶಾಖವನ್ನೂ ತಡೆಯುತ್ತಿತ್ತು.

ಜಪಾನಿನ ಕಥೆ ಅಮೆರಿಕದ್ದಕ್ಕೆ ಹೆಚ್ಚು ಹತ್ತಿರ. ಎಚಿಗೊ ಪ್ರಾಂತದ ಬಟ್ಟೆ ವ್ಯಾಪಾರಿ ಸುಜುಕಿ ಬೊಕುಶಿ ತನ್ನ ಹಿಮನಾಡಿನ ಬದುಕನ್ನು ಕುರಿತು ಬರೆದು 1837ರಿಂದ ಪ್ರಕಟವಾದ ‘ಹೊಕುಎತ್ಸು ಸೆಪ್ಪು’ ಗ್ರಂಥದಲ್ಲಿ, ತಮ್ಮವರು ಮಾಡಿನ ಹಿಮವನ್ನು ‘ಗುಡಿಸುವುದು’ ಎನ್ನದೆ ‘ಅಗೆಯುವುದು’ ಎನ್ನುತ್ತಾರೆಂದು ಹೇಳುತ್ತಾನೆ. ಏಕೆಂದರೆ ಅದು ನೆಲ ಅಗೆದಷ್ಟೇ ಶ್ರಮದ ಕೆಲಸ. ಆ ಮನೆಗಳು ಹುಲ್ಲಿನ ಮಾಡಿನವು, ಒಳಗೆ ಒಂದು ಬೆಂಕಿಯ ಗುಳಿ ಮಾತ್ರ. ಮುಂದೆ ಉತ್ತರದ ಹೊಕ್ಕೈಡೊ ದ್ವೀಪದಲ್ಲಿ ತಗಡಿನ ಮಾಡು, ಕಬ್ಬಿಣದ ಒಲೆ ಎರಡೂ ಬಂದಾಗ ಒಡ್ಡೂ ಬಂತು. ಜಪಾನೀಯರು ಅದರ ಸೋರಿಕೆಯನ್ನು ‘ಸುಗಾಮೊರಿ’ ಎನ್ನುತ್ತಾರೆ. ‘ಸುಗಾ’ ಎಂದರೆ ಉತ್ತರದ ಆಡುಮಾತಿನಲ್ಲಿ ಮಂಜುಗಡ್ಡೆ. 1953ರಲ್ಲಿ ಹೊಕ್ಕೈಡೊ ಮನೆಗಳ ಚಳಿರಕ್ಷಣೆಗಾಗಿಯೇ ಒಂದು ಕಾನೂನು ಮಾಡಿದರು. ಮುಂದಿನ ದಶಕಗಳಲ್ಲಿ ಶಾಖನಿರೋಧಕವನ್ನು ಚೆನ್ನಾಗಿ ಹಾಸಿದ, ಹಿಮವನ್ನು ಕೆಡವದೆ ತನ್ನ ಮೇಲೆಯೇ ಹೊತ್ತು ನಿಲ್ಲುವ ಸಪಾಟು ಮಾಡುಗಳು ಅಲ್ಲಿ ಹರಡಿದವು. ಆದರೆ ದೇಶದ ಇತರ ಹಿಮಪ್ರದೇಶಗಳಲ್ಲಿ ಇಂದಿಗೂ ಮಾಡಿನ ಹಿಮ ತೆಗೆಯಲು ಹತ್ತಿದ ವೃದ್ಧರು ಬಿದ್ದು ಸಾಯುವುದು ಪ್ರತಿ ಚಳಿಗಾಲದ ವಾರ್ತೆ. ಯುವಕರು ಪಟ್ಟಣ ಸೇರಿದ ಹಳ್ಳಿಗಳಲ್ಲಿ ಏಣಿ ಹತ್ತಲು ಉಳಿದವರು ಅವರೇ.

ಇನ್ನು ನಮ್ಮ ಹಿಮಾಲಯಕ್ಕೆ ಬರೋಣ. ನಾರ್ವೆಯ ತೊಗಟೆ ಮಣ್ಣಿನ ಮಾಡು ಕಾಶ್ಮೀರದಲ್ಲೂ ಇತ್ತು. ಎರಡು ನಾಡುಗಳೂ ಒಂದನ್ನೊಂದು ಅರಿಯದೆ ಒಂದೇ ಉಪಾಯ ಕಂಡುಕೊಂಡಿದ್ದವು. ಕಾಶ್ಮೀರದ ಆ ತೊಗಟೆ ನಮಗೆ ಪರಿಚಿತವಾದ ಭೂರ್ಜಪತ್ರವೇ. ಕಾಳಿದಾಸ ‘ಕುಮಾರಸಂಭವ’ದಲ್ಲಿ ವಿದ್ಯಾಧರ ಸುಂದರಿಯರ ಪ್ರೇಮಪತ್ರಗಳಿಗೆ ಒದಗಿಸಿದ್ದು, 1881ರಲ್ಲಿ ಪೇಷಾವರದ ಬಳಿ ದೊರೆತ ಬಕ್ಷಾಲಿ ಗಣಿತದ ಹಸ್ತಪ್ರತಿಗೆ ಹಾಳೆಯಾದದ್ದು ಅದೇ. ಅಕ್ಷರವನ್ನು ಕಾಪಾಡಿದ ತೊಗಟೆ ಮನೆಯನ್ನೂ ಕಾಪಾಡುತ್ತಿತ್ತು. ಅದರ ಮೇಲಿನ ಮಣ್ಣಿನಲ್ಲಿ ವಸಂತ ಬಂದಾಗ ಹುಲ್ಲೂ ಹೂವೂ ಅರಳಿ ಶ್ರೀನಗರದ ಮಾಡುಗಳೆಲ್ಲ ತೋಟವಾಗುತ್ತಿದ್ದುದನ್ನು 19ನೆಯ ಶತಮಾನದ ಪ್ರವಾಸಿಗರು ಬೆರಗಿನಿಂದ ಬರೆದಿದ್ದಾರೆ.

ಪೂರ್ವದ ಭೂತಾನದಲ್ಲಿ ತಣ್ಣನೆಯ ಮಾಡಿನ ತತ್ವ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಅಲ್ಲಿಯ ಸಾಂಪ್ರದಾಯಿಕ ಮನೆಯ ಮೇಲಂತಸ್ತನ್ನು ಮೊದಲು ಮಣ್ಣು ಮೆತ್ತಿದ ಸಪಾಟು ಚಾವಣಿಯಿಂದ ಮುಚ್ಚುತ್ತಾರೆ. ಅದರ ಮೇಲೆ, ಕಂಬಗಳ ಆಸರೆಯಲ್ಲಿ, ನಾಲ್ಕೂ ಕಡೆ ತೆರೆದಿಟ್ಟು ಮರದ ಚಕ್ಕೆಗಳ ಇಳಿಜಾರು ಮಾಡನ್ನು ಎತ್ತಿ ನಿಲ್ಲಿಸುತ್ತಾರೆ. ಗಾಳಿಗೆ ಹಾರದಂತೆ ಚಕ್ಕೆಗಳ ಮೇಲೆ ಕಲ್ಲು ಹೇರುತ್ತಾರೆ. ನಡುವಿನ ಬಯಲಿನಲ್ಲಿ ಮೆಣಸಿನಕಾಯಿ ಒಣಗುತ್ತದೆ, ಮೇವು ಇರುತ್ತದೆ. ಶಾಖ ಮಣ್ಣಿನ ಕೆಳಗೆ, ಹಿಮ ಮರದ ಮೇಲೆ. ಎರಡೂ ಭೇಟಿಯಾಗುವುದೇ ಇಲ್ಲ. ಫೋರ್ಟ್ ಡ್ರಮ್‌ನ ಎಂಜಿನಿಯರುಗಳು ಉಷ್ಣಮಾಪಕ ಹಿಡಿದು ಹೇಳಿದ್ದನ್ನು ಇಲ್ಲಿ ಮೇಸ್ತ್ರಿಗಳು ರೂಢಿಯಿಂದ ಕಟ್ಟುತ್ತ ಬಂದಿದ್ದರು.

ಇದನ್ನು ಹೇಳುವಾಗ ಹಳತನ್ನೆಲ್ಲ ಹಾಡಿಹೊಗಳುವ ಮೋಹದಿಂದ ದೂರವಿರಬೇಕು. ಕಾಶ್ಮೀರದ ಹಳೆಯ ಮನೆಯಲ್ಲಿ ಒಡ್ಡು ಕಟ್ಟದಿರಲು ತೊಗಟೆ ಮಣ್ಣಿನಷ್ಟೇ ಕಾರಣವಾದದ್ದು ಕಾಂಗ್ರಿ. ಕೆಂಡ ತುಂಬಿದ ಆ ಬುಟ್ಟಿಯನ್ನು ಫಿರನ್ನಿನೊಳಗೆ ಹಿಡಿದುಕೊಂಡಾಗ ಬೆಚ್ಚಗಾಗುವುದು ಮನುಷ್ಯ, ಮನೆಯಲ್ಲ. ಅದಕ್ಕೆ ತೆತ್ತ ಬೆಲೆಯೂ ಇತ್ತು. ಹೊಟ್ಟೆ ತೊಡೆಗಳ ಚರ್ಮ ವರ್ಷಗಟ್ಟಲೆ ಶಾಖಕ್ಕೆ ಬೆಂದು ಉಂಟಾಗುವ ಹುಣ್ಣನ್ನು 1866ರಲ್ಲಿ ವಿಲಿಯಂ ಎಲ್ಮ್ಸ್‌ಲಿ ಎಂಬ ವೈದ್ಯರು ವರ್ಣಿಸಿದರು. ವೈದ್ಯಶಾಸ್ತ್ರದಲ್ಲಿ ಅದು ‘ಕಾಂಗ್ರಿ ಕ್ಯಾನ್ಸರ್’ ಎಂದೇ ಹೆಸರಾಗಿದೆ. ಸೀವಾಲರ ಶಾಯಿಯಂತೆ ಇದೂ ತಣ್ಣನೆಯ ಮನೆಯ ಕಥೆಯೇ. ಬೆಚ್ಚಗಿನ ಮನೆ ಬೇಕೆನ್ನುವುದು ನ್ಯಾಯವಾದ ಬಯಕೆ. ಅದನ್ನು ಐಷಾರಾಮವೆಂದು ಹಳಿಯುವ ಹಕ್ಕು ಸಮುದ್ರತೀರದಲ್ಲಿಯೂ ಬಯಲುಸೀಮೆಯಲ್ಲಿಯೂ ಬೆಳೆದ ನಮಗಿಲ್ಲ.

1829ರಲ್ಲಿ ಲಂಡನ್ನಿನ ಹೆನ್ರಿ ಪಾಮರ್ ಪೇಟೆಂಟ್ ಪಡೆದ ಸುಕ್ಕುತಗಡು, ಸತುವಿನ ಲೇಪವನ್ನೂ ಪಡೆದು, ಬ್ರಿಟಿಷರ ಗಿರಿಧಾಮಗಳೊಡನೆ ಹಿಮಾಲಯಕ್ಕೆ ಏರಿತು. 1864ರಲ್ಲಿ ಬೇಸಿಗೆಯ ರಾಜಧಾನಿಯಾದ ಶಿಮ್ಲಾದ ಬಂಗಲೆಗಳಿಗೆ ಅದು ಒಪ್ಪುವ ಹೊದಿಕೆಯಾಗಿತ್ತು. ಹಿಮ ಬೀಳುವ ಹೊತ್ತಿಗೆ ಸರ್ಕಾರ ಕಡತಗಳೊಡನೆ ಕಲ್ಕತ್ತಕ್ಕೆ ಇಳಿದಿರುತ್ತಿತ್ತು. ಕಾಲಕ್ರಮೇಣ ಕಾಶ್ಮೀರದಲ್ಲಿಯೂ ತೊಗಟೆ ಮಣ್ಣಿನ ಸ್ಥಾನಕ್ಕೆ ತಗಡು ಬಂತು. ತಗಡಿನಿಂದ ಅಪಾಯ ತಾನಾಗಿ ಬರುವುದಿಲ್ಲ. ಕಡಿದಾದ ತಗಡಿನ ಮಾಡು, ಅದರಡಿ ಎರಡೂ ತುದಿಗೆ ತೆರೆದ ದೊಡ್ಡ ಅಟ್ಟ, ಇವೆರಡೂ ಇದ್ದರೆ ಅದೂ ತಣ್ಣನೆಯ ಮಾಡೇ. ಕಾಶ್ಮೀರದ ಅನೇಕ ಮನೆಗಳು ಹಾಗೆಯೇ ಇವೆ. ಅಪಾಯ ಬರುವುದು ಮುಂದಿನ ಹೆಜ್ಜೆಯಲ್ಲಿ. ಗಾಳಿ ಬರುತ್ತದೆಂದು ಅಟ್ಟದ ಬಾಯಿಗಳನ್ನು ಮುಚ್ಚಿ, ತಗಡಿಗೆ ತಾಗಿಸಿ ಹಲಗೆ ಬಡಿದು, ಪ್ರವಾಸಿಗರಿಗೆಂದೋ ಬೆಳೆದ ಮಕ್ಕಳಿಗೆಂದೋ ಅಲ್ಲೊಂದು ಕೋಣೆ ಮಾಡಿ, ಅದರಲ್ಲಿ ಹೀಟರ್ ಇಟ್ಟರೆ ಲೆವಿಟೌನಿನ ಅಟ್ಟವೇ ಇಲ್ಲಿಯೂ ಮರುಹುಟ್ಟು ಪಡೆಯುತ್ತದೆ. ಹಿಮಾಲಯದ ಊರುಗಳು ಈಗ ಬೆಚ್ಚಗಾಗುತ್ತಿವೆ, ಅದು ಸಂತೋಷದ ಸಂಗತಿ. ಅಮೆರಿಕ ನಡೆದ ದಾರಿಯಲ್ಲೇ ಕೊಡಲಿ, ಉಪ್ಪು, ತಗಡು, ತಂತಿ ಎಂದು ಒಂದೊಂದೇ ಮಜಲು ದಾಟಿ ಅವು ಕಲಿಯಬೇಕಾಗಿಲ್ಲ.

ಕಲಿಯಬೇಕಾದದ್ದರ ಕ್ರಮ ಕಷ್ಟದ್ದಲ್ಲ. ಮೊದಲು ಚಾವಣಿಯಲ್ಲಿ ಗಾಳಿ ನುಸುಳುವ ಸಂದುಗಳನ್ನು ಹುಡುಕಿ ಮುಚ್ಚುವುದು. ಎರಡನೆಯದು, ಅಟ್ಟದ ನೆಲದಲ್ಲಿ, ಎಂದರೆ ಮನೆಯ ಮೇಲೆ ಮತ್ತು ಮಾಡಿನ ಬಹಳ ಕೆಳಗೆ, ಶಾಖನಿರೋಧಕವನ್ನು ಹಾಸುವುದು. ಮೂರನೆಯದು, ಸೂರಿನಿಂದ ಏಣಿನವರೆಗೆ ಹೊರಗಿನ ಗಾಳಿಗೆ ದಾರಿ ಬಿಡುವುದು. ನೀರುತಡೆಯುವ ಹಾಳೆ, ಗೋರುಮಣೆ ಇವೆಲ್ಲ ಅದಾದ ಮೇಲೆ. ಮೊದಲೆರಡನ್ನು ಬಿಟ್ಟು ಮೂರನೆಯದನ್ನಷ್ಟೇ ಮಾಡಿದರೆ ಕೋಣೆಯ ಬಿಸಿಗಾಳಿಯನ್ನು ಅದು ಇನ್ನಷ್ಟು ಮೇಲೆ ಸೆಳೆಯಬಹುದು. ಆದ್ದರಿಂದ ಕ್ರಮವೂ ಮುಖ್ಯ. ಹೊರನಾಡುಗಳಲ್ಲಿ ಮನೆ ಕೊಳ್ಳುವ ನಮ್ಮವರಿಗೆ ಒಂದು ಸುಲಭದ ಪರೀಕ್ಷೆಯಿದೆ. ಹಿಮ ಬಿದ್ದು ಒಂದೆರಡು ದಿನ ಕಳೆದ ಮೇಲೆ ಬೀದಿಯಲ್ಲಿ ನಿಂತು ಮಾಡುಗಳನ್ನು ನೋಡಬೇಕು. ಒಂದೇ ಸಮನೆ ಬೆಳ್ಳಗಿರುವ ಮಾಡಿನ ಮನೆ ತನ್ನ ಶಾಖವನ್ನು ತನ್ನಲ್ಲೇ ಇಟ್ಟುಕೊಂಡಿದೆ. ನೆರೆಮನೆಗಳಲ್ಲೆಲ್ಲ ಹಿಮವಿದ್ದು ಇಲ್ಲಿ ಮಾತ್ರ ಬೋಳು ಕಲೆಗಳಿದ್ದರೆ, ಅಂಚಿನಲ್ಲಿ ದಪ್ಪ ಬಿಳಲುಗಳಿದ್ದರೆ, ಶಾಖ ಎಲ್ಲಿಂದ ಹೋಗುತ್ತಿದೆ ಎಂಬುದರ ನಕ್ಷೆಯನ್ನು ಹಿಮವೇ ಬರೆದಿಟ್ಟಿದೆ.

ಸೀವಾಲರ ಮನೆಯಲ್ಲಿ ಮಾಡು ಒಣಗಿತ್ತು, ಮನುಷ್ಯರು ನಡುಗುತ್ತಿದ್ದರು. 2015ರ ಮನೆಗಳಲ್ಲಿ ಮನುಷ್ಯರು ಬೆಚ್ಚಗಿದ್ದರು, ಮಾಡು ಸೋರುತ್ತಿತ್ತು. ಎರಡರಲ್ಲೊಂದನ್ನು ಆರಿಸಿಕೊಳ್ಳಬೇಕಾದ ಅನಿವಾರ್ಯ ಈಗ ಇಲ್ಲ ಎಂಬುದನ್ನು ರಿಜೈನಾದ ಮನೆಯೂ ಭೂತಾನದ ಮನೆಯೂ ತಮ್ಮ ತಮ್ಮ ರೀತಿಯಲ್ಲಿ ತೋರಿಸಿವೆ. ಚಾವಣಿಯ ಕೆಳಗೆ ಶಾಖವನ್ನು ಹಿಡಿದಿಟ್ಟ ಮನೆಯ ಸೂರಿನಲ್ಲಿ ಕೊಡಲಿಗೆ ಕೆಲಸವಿರುವುದಿಲ್ಲ.